ಇಪ್ಪತ್ತೆರಡು ದಿನದ ಹೆಬ್ಬೆರಳು

ಜೂನ್ 3, ಸೋಮವಾರ

ಪ್ರಾಕ್ಟೀಸ್ ಐದಕ್ಕೆ. ಬಂದವರು ಒಂಬತ್ತೇ ಜನ. ಎರಡು ಬಾಲ್‌ಗಳಲ್ಲಿ ಗಾಳಿ ನಿಲ್ಲುತ್ತಿಲ್ಲ. ನನ್ನ ಮಂಡಿಯ ಕಥೆಯೂ ಅಷ್ಟೇ.

ನಿನ್ನೆ ಹ್ಯಾಂಡ್‌ಬಾಲ್ ಸೆಮಿಫೈನಲ್ ಗೆದ್ದೆವು. ಗೋಲಿನಲ್ಲಿ ಅಕ್ಕನ ಮಗಳು, ಹದಿನೇಳು ವರ್ಷ. ಏನನ್ನೂ ಒಳಗೆ ಬಿಡುವುದಿಲ್ಲವೆಂದು ಟೀಮಿನವರು ಇಟ್ಟ ಹೆಸರು ಬೀಗ. ಎರಡನೇ ಹಾಫ್ ಶುರುವಾದ ಕೂಡಲೇ ಬಾಲ್ ನೇರ ಬಲಗೈ ಹೆಬ್ಬೆರಳ ತುದಿಗೆ ಬಡಿಯಿತು. ಬುಡದಲ್ಲಿ ಗಂಟು ಎದ್ದು ನಿಂತಿತ್ತು. ಹಿಡಿದು ಎಳೆದೆ. ಟೇಪ್ ಸುತ್ತಿದೆ. ಮತ್ತೆ ಗೋಲಿಗೆ ಕಳಿಸಿದೆ.

ನಮ್ಮಲ್ಲಿ ಹಾಗೇ. ನನ್ನ ಬೆರಳನ್ನು ನನ್ನ ಕೋಚ್ ಎಳೆದರು, ಈಗ ಈ ಹುಡುಗಿಯರದನ್ನು ನಾನು. ಬೆರಳಿಗೆಲ್ಲ ಯಾರೂ ಆಸ್ಪತ್ರೆಗೆ ಹೋಗುವುದಿಲ್ಲ. ಮನೆಯಲ್ಲೂ ಹೇಳುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟು ಬೆರಳು ಎಳೆದೆನೋ, ಲೆಕ್ಕವಿಲ್ಲ.

"ನೋವಿದ್ಯಾ?" ಅಂದೆ.

"ಇಲ್ಲ ಮಿಸ್."

ಮನೆಯಲ್ಲಿ ಚಿಕ್ಕಮ್ಮ, ಮೈದಾನದಲ್ಲಿ ಮಿಸ್.

ಜೂನ್ 9, ಭಾನುವಾರ

ಬೆಳಿಗ್ಗೆ ಅಕ್ಕನ ಫೋನ್. ಹಿಂದೆ ಹೊಲಿಗೆ ಮಷಿನ್ ಸದ್ದು. ಭಾನುವಾರವೂ ಅಂಗಡಿ ತೆಗೆದಿದ್ದಾಳೆ.

"ಇವಳು ಎಡಗೈಲಿ ಚಮಚ ಹಿಡ್ಕೊಂಡು ತಿಂತಾಳೆ ಕಣೇ. ಏನಾಯ್ತೇ ಅಂದ್ರೆ ಏನಿಲ್ಲ ಅಂತಾಳೆ."

"ಬಾಲ್ ತಾಗಿದೆ. ಆಟ ಅಂದ್ಮೇಲೆ ಅಷ್ಟೆಲ್ಲ ಇದ್ದಿದ್ದೇ ಬಿಡು."

ಬಿಟ್ಟಳು. ನಾನು ಹೇಳಿದರೆ ಬಿಡುತ್ತಾಳೆ. ಫೈನಲ್‌ಗೆ ಇನ್ನು ಎರಡು ವಾರ. ಬೇರೆ ಗೋಲ್‌ಕೀಪರ್ ಇಲ್ಲ…

ಜೂನ್ 23, ಭಾನುವಾರ, ಸಂಜೆ

ಸೋತೆವು. ಆರು ಗೋಲಿನ ಅಂತರ. ಕೈಗೆ ಬಂದ ಬಾಲ್‌ಗಳೂ ಜಾರಿದವು. ಮುಗಿದ ಮೇಲೆ ಅಕ್ಕನ ಮಗಳು ನೀರಿನ ಬಾಟಲಿ ಮುಚ್ಚಳ ತಿರುಗಿಸಲು ಹೋದಳು. ಆಗಲಿಲ್ಲ. ಪಕ್ಕದವಳಿಗೆ ಕೊಟ್ಟಳು, ನಾನು ನೋಡಿದ್ದು ಕಂಡು ಬೇಗ ತಿರುಗಿಕೊಂಡಳು. ಟೇಪ್ ಬಿಚ್ಚಿದೆ. ಬುಡ ಇನ್ನೂ ಊದಿಕೊಂಡೇ ಇದೆ.

ನಾಳೆ ಆಸ್ಪತ್ರೆ. ಅಕ್ಕನಿಗೆ 'ಸುಮ್ಮನೆ ಒಂದು ಎಕ್ಸ್‌ರೇ' ಅಂದಿದ್ದೇನೆ.

ಜೂನ್ 24, ಸೋಮವಾರ

ಕೈ ಸರ್ಜನ್. ಸಣ್ಣ ರೂಮು, ಗೋಡೆಗೆ ತಾಗಿಸಿದ ಟೇಬಲ್. ಎಕ್ಸ್‌ರೇ ತೋರಿಸಿದರು. ಹೆಬ್ಬೆರಳ ಬುಡದ ಮೂಳೆಯಿಂದ ಒಂದು ಚೂರು ಬೇರೆಯಾಗಿ ಅಲ್ಲೇ ನಿಂತಿದೆ. ಉಳಿದ ಮೂಳೆ ಕೀಲಿನಿಂದ ಹೊರಗೆ ಸರಿದಿದೆ.

"ಯಾವಾಗ ಆಗಿದ್ದಮ್ಮ ಇದು?"

"ನಿನ್ನೆ. ಫೈನಲ್‌ನಲ್ಲಿ," ಅಂದಳು. ಅಂದು ನನ್ನ ಮುಖ ನೋಡಿದಳು.

ಡಾಕ್ಟರ್ ಎಕ್ಸ್‌ರೇ ಹತ್ತಿರ ಬಗ್ಗಿದರು. "ಅಂಚು ಸ್ವಲ್ಪ ಮೊಂಡಾಗಿದೆಯಲ್ಲ… ನಿನ್ನೇನಾ?"

"ಹೂಂ." ಮತ್ತೆ ನನ್ನ ಮುಖ.

ಎಂಥ ಹುಡುಗಿ. ನನ್ನನ್ನು ಬಿಟ್ಟುಕೊಡಲಿಲ್ಲ. ನಾನು ಎಕ್ಸ್‌ರೇ ಕಡೆ ತಿರುಗಿದೆ.

ಗುರುವಾರ ಆಪರೇಷನ್. ಹೊಸ ಮುರಿತವಾದರೆ ಸುಲಭವಂತೆ. ಮಂಪರು ಕೊಟ್ಟು ಎಳೆದು ಕೂರಿಸಿ, ಚರ್ಮದ ಮೇಲಿನಿಂದಲೇ ಎರಡು ತಂತಿ ತೂರಿಸುವುದು. ಕೊಯ್ಯುವುದಿಲ್ಲ. "ಹಳೇದಾಗಿದ್ರೆ ಕಷ್ಟ. ಮೂಳೆ ತಪ್ಪು ಜಾಗದಲ್ಲೇ ಕೂಡಕ್ಕೆ ಶುರು ಮಾಡಿರುತ್ತೆ," ಅಂದರು.

ಜೂನ್ 26, ಬುಧವಾರ, ಬೆಳಿಗ್ಗೆ 11

ಹೇಳಿಬಿಟ್ಟೆ. ಒಪಿಡಿಯಲ್ಲಿ ಎರಡು ಗಂಟೆ ಕಾದು, ನನ್ನ ಸರದಿ ಬಂದಾಗ ಕೂರದೆ ನಿಂತೇ ಹೇಳಿದೆ. ಫೈನಲ್‌ನಲ್ಲಿ ಆದದ್ದಲ್ಲ, ಜೂನ್ ಎರಡರದು. ನಾನೇ ಎಳೆದು ಕಟ್ಟಿದೆ. ಆಮೇಲೂ ಆಡಿಸಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಫೈಲು ತೆಗೆದು 'ನಿನ್ನೆ' ಎಂಬುದನ್ನು ಹೊಡೆದು ಹಾಕಿದರು.

"ಎಳೆದು ತಂತಿ ಹಾಕಿದ್ರೆ ಕೂರ್ತಿರ್ಲಿಲ್ಲ ಇದು. ಬಿಚ್ಚಬೇಕು. ತಪ್ಪಾಗಿ ಬೆಳೆದಿರೋದನ್ನ ಬಿಡಿಸಿ, ಸರಿ ಕೂರಿಸಿ, ಸ್ಕ್ರೂ ಹಾಕ್ಬೇಕು."

"ಸರಿ ಹೋಗುತ್ತಾ ಡಾಕ್ಟ್ರೇ?"

"ಮೂರು ವಾರ ಕೀಲು ಉಜ್ಜಿದೆಯಲ್ಲ. ಬಿಚ್ಚಿದ ಮೇಲೆ ನೋಡ್ಬೇಕು. ಸಹಿ ಹಾಕೋರು ಅವರಮ್ಮ. ಅವರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ನಾನೇ ಅಂದೆ.

ಅದೇ ದಿನ, ಮಧ್ಯಾಹ್ನ 3

ಅಕ್ಕ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡು ಬಟ್ಟೆ ಕತ್ತರಿಸುತ್ತಿದ್ದಳು. ಹೇಳುತ್ತಾ ಹೋದೆ. ಕತ್ತರಿ ನಿಲ್ಲಲಿಲ್ಲ. ತೋಳಿನ ಭಾಗ ಪೂರ್ತಿ ಕತ್ತರಿಸಿ ಮಡಚಿಟ್ಟಳು.

"ಅಪ್ಪ ಇಲ್ಲದ ಮಗು. ನಿನ್ನ ಮಾತು ಕೇಳ್ತಾಳೆ ಅಂತ ನಿನ್ನ ಕೈಗೆ ಕೊಟ್ಟೆ ಕಣೇ."

ಅಷ್ಟೇ. ಫಾರ್ಮ್ ಎಲ್ಲಿದೆ ಅಂದಳು. ಕೊಟ್ಟೆ. ಸಹಿ ಹಾಕಿದಳು. ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದು ನಾನು, ಉಣ್ಣುವವಳು ಆ ಹುಡುಗಿ. ನಾಚಿಕೆಯಾಗುತ್ತಿದೆ.

ಜೂನ್ 27, ಗುರುವಾರ

ಎರಡೂಕಾಲು ಗಂಟೆ. ಎರಡು ಸ್ಕ್ರೂ, ಒಂದು ತಂತಿ. ಮೂಳೆ ಕೂತಿದೆ, ಕೀಲಿನ ಮೇಲ್ಮೈ ಒಂದು ಕಡೆ ಸವೆದಿದೆ ಅಂದರು. ಅಕ್ಕ ಬೆಂಚಿನ ಆ ತುದಿ, ನಾನು ಈ ತುದಿ. ನಡುವೆ ಮಗಳ ಚಪ್ಪಲಿಯ ಕವರ್.

ಜುಲೈ 15, ಸೋಮವಾರ

ಪ್ರಾಕ್ಟೀಸ್. ಏಳು ಜನ. ಸ್ಟೋರ್ ರೂಮಿನ ಗೋಡೆಗೆ ಆಸ್ಪತ್ರೆಯ ನಂಬರ್ ಅಂಟಿಸಿದೆ. ಬೆರಳಿಗೆ ನಾನು ಕೈ ಹಚ್ಚುವುದಿಲ್ಲ ಅಂದೆ. ಮುಖ ಮುಖ ನೋಡಿಕೊಂಡರು. ನನಗೆ ಯಾವುದರಲ್ಲೂ ಮನಸ್ಸಿಲ್ಲ.

ಆಗಸ್ಟ್ 24, ಶನಿವಾರ

ಎಂಟು ವಾರದ ಮೇಲೆ ಅಕ್ಕನ ಮೆಸೇಜ್. 'ಇವತ್ತು ಫಿಸಿಯೋಗೆ ನೀನು ಕರ್ಕೊಂಡು ಹೋಗು. ನನಗೆ ಆಗಲ್ಲ.' ಕಾರಣ ಬರೆದಿರಲಿಲ್ಲ. ಕೇಳಲಿಲ್ಲ. ಅರ್ಧ ಗಂಟೆ ಮುಂಚೆಯೇ ಹೋಗಿ ಬಾಗಿಲಲ್ಲಿ ನಿಂತೆ.

ಫಿಸಿಯೋ ಹೆಬ್ಬೆರಳಿಂದ ಒಂದೊಂದೇ ಬೆರಳ ತುದಿ ಮುಟ್ಟಲು ಹೇಳಿದರು. ತೋರುಬೆರಳು ಮುಟ್ಟಿತು. ನಡುಬೆರಳೂ. ಉಂಗುರದ ಬೆರಳಿಗೆ ಹಲ್ಲು ಕಚ್ಚಿದಳು, ಮುಟ್ಟಿತು. ಕಿರುಬೆರಳಿಗೆ ಇಲ್ಲ. ಬರೆಯಲು ತೊಂದರೆಯಿಲ್ಲವಂತೆ. ಗೋಲು ಕಾಯುವುದು? "ಅದನ್ನ ಈಗ ಕೇಳ್ಬೇಡಿ," ಅಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಜಾಗ ಸಿಕ್ಕಿತು. ಎರಡು ತಿಂಗಳಿಂದ ಗಂಟಲಲ್ಲಿದ್ದದ್ದು ಹೇಳಿದೆ.

"ನನ್ನ ಉಳಿಸೋಕೆ ಅಂತ ಅವತ್ತು ಡಾಕ್ಟ್ರ ಹತ್ರ ಸುಳ್ಳು ಹೇಳ್ದೆ. ಹಾಗೆ ಮಾಡ್ಬಾರ್ದಿತ್ತು ಮಗಾ ನೀನು."

"ನಿನ್ನ ಉಳಿಸೋಕಾ?" ಆಶ್ಚರ್ಯಪಟ್ಟಂತೆ ನೋಡಿದಳು. ಕೋಪವಿರಲಿಲ್ಲ. "ಇಲ್ಲ ಚಿಕ್ಕಮ್ಮ. ನಿಜ ಹೇಳೋಕೆ ನಂಗೆ ಧೈರ್ಯ ಬರ್ಲಿಲ್ಲ. ನೀನು ಹೇಳ್ತೀಯ ಅಂತ ನಿನ್ನ ಮುಖ ನೋಡ್ದೆ. ಡಾಕ್ಟ್ರು ಎರಡು ಸಲ ಕೇಳಿದ್ರಲ್ಲ? ಎರಡು ಸಲಾನೂ ನೋಡ್ದೆ."

ಅವಳ ಸ್ಟಾಪ್ ಬಂತು. ಎಡಗೈಯಲ್ಲಿ ಕಂಬಿ ಹಿಡಿದು ಇಳಿದಳು. ನಾನೂ ಇಳಿಯಬೇಕಿತ್ತು, ಮನೆ ಮುಟ್ಟಿಸಬೇಕಿತ್ತು. ಬಸ್ಸು ಹೊರಟ ಮೇಲೆ ನೆನಪಾಯಿತು.

ಎರಡು ಸಲ ನೋಡಿದ್ದಳು. ನನಗೆ ಕಂಡಿತ್ತು. ಕಂಡೂ ನಾನು—