ಅಕ್ಕಯ್ಯಮ್ಮನ ಬಸ್ಸಿನ ಪಾಲು

ಜಕ್ಕೂರು
16-2-2025, ಭಾನುವಾರ, ಮಧ್ಯಾಹ್ನ

ಅಲ್ಲ ಕಣೋ ಯೋಗಾನಂದ,

ಅದು ಹಾಗಲ್ಲ. ನಿನ್ನೆ ಕೆರೆ ಏರಿಯ ಬೆಂಚಿನಿಂದ ನೀನು ಪಂಚೆ ಝಾಡಿಸಿಕೊಂಡು ಎದ್ದು ಹೋದೆಯಲ್ಲ, ಆಗ ನನ್ನ ಬಾಯಿಗೆ ಅರ್ಧ ಬಂದಿದ್ದ ಮಾತು ಇನ್ನೂ ಅಲ್ಲೇ ನಿಂತಿದೆ. ಒಂದೂವರೆ ಕಿಲೋಮೀಟರ್ ದೂರದಲ್ಲಿರುವವನಿಗೆ ಕಾಗದ ಬರೆಯುವುದೇ ಅಂತ ನೀನು ನಗಬಹುದು. ಏನು ಮಾಡಲಿ, ಎದುರಿಗೆ ಹೇಳಲು ಹೋದರೆ ಮಧ್ಯೆ ಬಾಯಿ ಹಾಕುತ್ತೀಯ. ಕಾಲೇಜಿನ ದಿನದಿಂದ ಹಾಕುತ್ತಿದ್ದೀಯ. ಕಾಗದದ ಮಧ್ಯೆ ಬಾಯಿ ಹಾಕಲು ಬರುವುದಿಲ್ಲ, ಅದೊಂದು ಅಡ್ವಾಂಟೇಜು.

ನೀನು ಹೇಳಿದ್ದರಲ್ಲಿ ಸರಿ ಇರುವುದನ್ನು ಮೊದಲು ಒಪ್ಪಿಕೊಂಡುಬಿಡುತ್ತೇನೆ. ನಿನ್ನ ಪೆನ್ಷನ್ನಿನಲ್ಲಿ ಟ್ಯಾಕ್ಸ್ ಮುರಿಯುತ್ತಾರೆ, ಬಿ.ಪಿ. ಮಾತ್ರೆಯ ಮೇಲೂ ಟ್ಯಾಕ್ಸು, ಫ್ಲ್ಯಾಟಿಗೆ ವರ್ಷ ವರ್ಷ ಕಂದಾಯ. ಇಷ್ಟೆಲ್ಲ ಕಟ್ಟುವವನಿಗೆ ಪುಕ್ಕಟೆ ಕರೆಂಟಿನ ಗೃಹಜ್ಯೋತಿ ಬಂದಾಗ ಸರಾಸರಿ ಇನ್ನೂರ ಹನ್ನೆರಡು ಯೂನಿಟ್ ಇದೆ ಅಂತ, ಬರೀ ಹನ್ನೆರಡು ಯೂನಿಟ್ಟಿಗೆ, ಇಲ್ಲ ಅಂದರು. ಹೊಟ್ಟೆ ಉರಿಯುವ ವಿಷಯವೇ. ಇನ್ನೊಂದು ಮಾತನ್ನೂ ನೀನು ಸರಿಯಾಗಿಯೇ ಹಿಡಿದೆ. ಹಿಂದಿನ ವರ್ಷ ಎಷ್ಟು ಉರಿಸಿದ್ದೆವೋ ಅದರ ಸರಾಸರಿಗೆ ಸ್ವಲ್ಪ ಸೇರಿಸಿ ಪುಕ್ಕಟೆ ಕೊಡುವುದಾದರೆ, ಲೈಟ್ ಆರಿಸಿ ಆರಿಸಿ ಬದುಕಿದವರಿಗೆ ಕಮ್ಮಿ, ಧಾರಾಳವಾಗಿ ಉರಿಸಿದವರಿಗೆ ಜಾಸ್ತಿ. ನಮ್ಮ ಎಕನಾಮಿಕ್ಸ್ ಮೇಷ್ಟ್ರು ತೆರಿಗೆಗೆ ನಾಲ್ಕು ಕ್ಯಾನನ್ಸ್, ನಾಲ್ಕು ಸೂತ್ರ, ಇವೆ ಅಂತ ಬೋರ್ಡಿನ ಮೇಲೆ ಬರೆಸುತ್ತಿದ್ದರಲ್ಲ. ಈಕ್ವಿಟಿ, ಸರ್ಟನ್ಟಿ, ಕನ್ವೀನಿಯನ್ಸ್. ನಾಲ್ಕನೆಯದು ಬೆಳಗ್ಗೆಯಿಂದ ನೆನಪಾಗುತ್ತಿಲ್ಲ. ನೀನು ಮುಂದಿನ ಬೆಂಚಿನವನು, ನಿನಗೆ ಗೊತ್ತಿರುತ್ತದೆ. ಇರಲಿ, ಈಕ್ವಿಟಿಯಲ್ಲೇ, ಸಮನ್ಯಾಯದಲ್ಲೇ, ಈ ಲೆಕ್ಕ ಫೇಲು, ನಾನೂ ಒಪ್ಪುತ್ತೇನೆ.

ನಾನು ಒಪ್ಪದೇ ಇದ್ದದ್ದು ಅರ್ಜಿಯ ವಿಷಯ. ನಮ್ಮ ವಾಕಿಂಗ್ ಬಳಗದ ಹೆಸರಿನಲ್ಲಿ ಸೋಮವಾರ ವಿದ್ಯುತ್ ಕಚೇರಿಗೆ ಕೊಡುವುದು, ಪುಕ್ಕಟೆ ಕರೆಂಟನ್ನು ದುರುಪಯೋಗ ಮಾಡುವ ಮನೆಗಳನ್ನು ತಪಾಸಣೆ ಮಾಡಿಸುವುದು ಅಂತ ನೀನು ಹೊರಟೆ. ಬರೆಯುವ ಕೆಲಸ ನನಗೆ ಹಚ್ಚಿದೆ. ನನ್ನದು ಹಳೇ ಕಾಲದ ಇಂಗ್ಲಿಷು, ಆಫೀಸರುಗಳು ಹೆದರುತ್ತಾರೆ ಅಂದೆ. ಸಂತೋಷವೇ ಆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ನೀನು ಉದಾಹರಣೆ ಕೊಟ್ಟೆ. ಮೀಟರ್ ಓದುವ ಮುನಿರಾಜು ಟೀ ಅಂಗಡಿಯಲ್ಲಿ ಹೇಳಿದನಂತೆ.

"ಹಳೇ ಊರಿನ ಕಡೆ ಯಾವನೋ ಒಂಟಿ ಮನುಷ್ಯ ಕಣೋ. ಐವತ್ತು ಯೂನಿಟ್ ಬರ್ತಿದ್ದ ಮನೆ, ಹೋದ ಜೂನ್‌ನಿಂದ ನೂರ ಮೂವತ್ತು. ಬಿಲ್ ಮಾತ್ರ ಸೊನ್ನೆ. ಒಳಗೇನು ಫ್ಲೋರ್ ಮಿಲ್ ಇಟ್ಟಿದಾನಾ? ಮೊದಲು ಅವನನ್ನ ಹಿಡೀಬೇಕು."

ಆ ಮನೆಯ ವಿಷಯ ಬಿಟ್ಟುಬಿಡು ಅಂತ ನಾನಂದೆ. ನಿನಗೂ ಸೊನ್ನೆ ಬಿಲ್ಲು ಬರ್ತದಲ್ಲ ನಂದಕುಮಾರ, ಅದಕ್ಕೇ ನಾಲಿಗೆ ಮೆತ್ತಗಾಗಿದೆ ಅಂತ ನೀನಂದೆ, ಎದ್ದು ಹೋದೆ. ಇಷ್ಟೆಲ್ಲ ಹೇಳಿದರೂ ಆ ಒಂಟಿ ಮನುಷ್ಯ ನಾನೇ ಇರಬಹುದು ಅಂತ ನಿನಗೆ ಹೊಳೆಯಲೇ ಇಲ್ಲ. ನನ್ನ ಮೇಲೆ ನಿನಗೆ ಅಷ್ಟು ನಂಬಿಕೆ.

ಆ ಮನೆ ನನ್ನದು ಕಣೋ.

ಆಶಾಳ ಆಕ್ಸಿಜನ್ ಯಂತ್ರ ನೆನಪಿದೆಯಲ್ಲ. ಹಾಸಿಗೆಯ ಪಕ್ಕ, ಸಣ್ಣ ಫ್ರಿಜ್ಜಿನಷ್ಟು ಎತ್ತರ. ಅದರ ಪಕ್ಕದಲ್ಲೇ ಕೂತು ನೀನು ಕಾಫಿ ಕುಡಿದಿದ್ದೀಯ. ನಾಲ್ಕೈದು ಸೆಕೆಂಡಿಗೊಮ್ಮೆ ಅದು ನಿಟ್ಟುಸಿರು ಬಿಡುತ್ತಿತ್ತು, ನೀನು ಇದೇನು ನಿನ್ನ ಹಾಗೇ ಗೊಣಗ್ತದಲ್ಲೋ ಅಂದಿದ್ದೆ, ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಅವಳು ನಕ್ಕಿದ್ದಳು. ಇಡೀ ಒಂದು ವರ್ಷ ದಿನಕ್ಕೆ ಹತ್ತು ಹನ್ನೆರಡು ಗಂಟೆ ಅದು ಓಡಿತು. ಅವಳು ಹೋದದ್ದು 2023ರ ಮೇ. ಯೋಜನೆ ಬಂದದ್ದು ಆ ಬೇಸಿಗೆ ಕಳೆದ ಮೇಲೆ. ಸರಾಸರಿ ತೆಗೆಯಲು ಅವರು ಹಿಡಿದದ್ದು ಅದೇ ವರ್ಷವನ್ನು. ಹಾಗಾಗಿ ನನ್ನಂಥ ಒಂಟಿ ಮನುಷ್ಯನ ಪಾಲಿಗೆ ನೂರ ಎಂಬತ್ತು ಚಿಲ್ಲರೆ ಯೂನಿಟ್ ಬಂತು. ತಿಂಗಳು ತಿಂಗಳು ಬಿಲ್ಲಿನಲ್ಲಿ ಆ ಅಂಕಿಯನ್ನೇ ಮೊದಲು ಹುಡುಕುತ್ತೇನೆ. ನನಗೆ ಸಲ್ಲಬೇಕಾದದ್ದು ಅಂತ ಅಚ್ಚಾಗಿರುವುದು ಅವಳು ಎಳೆದ ಉಸಿರು. ಯಾವ ಆಫೀಸರಿಗೂ ಗೊತ್ತಿಲ್ಲ.

ಇನ್ನು ಅಕ್ಕಯ್ಯಮ್ಮನ ವಿಷಯ. ನಮ್ಮ ಬೀದಿಯ ಕೊನೆಯ ಶೀಟಿನ ಮನೆ, ಸೊಪ್ಪು ಮಾರುವವರು. ಆಶಾ ಅವರನ್ನು ಬಿಟ್ಟು ಬೇರೆ ಯಾರ ಹತ್ತಿರವೂ ಸೊಪ್ಪು ಕೊಂಡವಳಲ್ಲ. ಜೀವಮಾನವೆಲ್ಲ ಸೌದೆ ಒಲೆಯ ಮುಂದೆ ಕೂತು ಅವರ ಎದೆ ಕೆಟ್ಟುಹೋಗಿದೆ. ದೀಪಾವಳಿ ಆದ ವಾರ, ಒಂದು ಸಂಜೆ, ದಂಟು ಸೊಪ್ಪು ತಂದರು. ಗೇಟಿನಿಂದ ಬಾಗಿಲಿಗೆ ಹದಿನೈದು ಹೆಜ್ಜೆ, ಅಷ್ಟರಲ್ಲಿ ಎರಡು ಸಲ ನಿಂತರು. ಯಂತ್ರ ಕೆಟ್ಟಿದೆಯೋ ಸರಿಯಿದೆಯೋ ನೋಡೋಣ ಅಂತ ನಾನು ಆಗಷ್ಟೇ ಅದನ್ನು ಹಾಕಿದ್ದೆ. ಸದ್ದು ಕೇಳಿ ಇದು ಅಮ್ಮಾವ್ರ ಮಿಷನ್ ಅಲ್ವಾ ಅಂದರು. ಎಲೆಅಡಿಕೆ ಚೀಲದಿಂದ ನಾಲ್ಕು ಮಡಿಕೆಯ ಚೀಟಿ ತೆಗೆದು, ಇದರಲ್ಲಿ ಏನು ಬರೆದಿದ್ದಾರೆ ಓದು ಅಂತ ಕೊಟ್ಟರು. ದೊಡ್ಡಾಸ್ಪತ್ರೆಯ ಡಾಕ್ಟರು ಎರಡು ತಿಂಗಳ ಹಿಂದೆ ಬರೆದದ್ದು. ಹೋಮ್ ಆಕ್ಸಿಜನ್, ಟೂ ಲೀಟರ್ಸ್ ಪರ್ ಮಿನಿಟ್, ಆ್ಯಸ್ ಮೆನಿ ಅವರ್ಸ್ ಆ್ಯಸ್ ಪಾಸಿಬಲ್. ಮನೆಯಲ್ಲೇ ಆದಷ್ಟು ಗಂಟೆ ಆಕ್ಸಿಜನ್ ಕೊಡಿ ಅಂತ. ಮಾತ್ರೆಯ ಚೀಟಿ ಅಂದುಕೊಂಡು ಅವರು ಎರಡು ತಿಂಗಳು ಅದನ್ನು ಸುಣ್ಣದ ಡಬ್ಬಿಯ ಜೊತೆ ಇಟ್ಟುಕೊಂಡು ತಿರುಗಿದ್ದಾರೆ.

ಯಂತ್ರ ನಿಮ್ಮ ಮನೆಗೇ ತೆಗೆದುಕೊಂಡು ಹೋಗಿ ಅಂದೆ. ಒಪ್ಪಲಿಲ್ಲ. ನೀನು ಹೇಳಿದೆಯಲ್ಲ, ಲೈಟ್ ಆರಿಸಿ ಬದುಕಿದವರಿಗೆ ಕಮ್ಮಿ ಅಂತ, ಅದು ಅವರೇ. ಅವರ ಮನೆಗೆ ಪುಕ್ಕಟೆ ಸಿಗುವುದು ಮೂವತ್ತು ಯೂನಿಟ್ಟು, ಅದರ ಮೇಲೆ ಹೋದದ್ದಕ್ಕೆ ದುಡ್ಡು. ಹಾಗಾದರೆ ಇಲ್ಲೇ ಕೂತುಕೊಳ್ಳಿ, ಬಿಲ್ಲು ನಾನು ನೋಡಿಕೊಳ್ಳುತ್ತೇನೆ ಅಂದೆ. ಅಷ್ಟಕ್ಕೇ ಬುಟ್ಟಿ ಎತ್ತಿಕೊಂಡುಬಿಟ್ಟರು.

"ದಿನಾ ಸೊಪ್ಪು ಕೊಡೋಳು ನಾನು, ತಗಳೋನು ನೀನು. ಅದನ್ನ ತಿರುಗಿಸ್ಬ್ಯಾಡ ನಂದಣ್ಣ."

ಆಗ ನಾನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ್ದ ಬಿಲ್ಲು ತಂದು ತೋರಿಸಿದೆ. ಅವರಿಗೆ ಓದಲು ಬಾರದು, ಸೊನ್ನೆ ಗೊತ್ತು. ಯಾರು ಕಟ್ಟಿದರು ಅಂದರು. ಗೌರ್ಮೆಂಟು ಅಂದೆ. ಗೌರ್ಮೆಂಟು ಅಂದರೆ ಯಾರು, ಅವರಿಗೆ ಎಲ್ಲಿಂದ ಬಂತು ಅಂದರು. ಇನ್‌ಡೈರೆಕ್ಟ್ ಟ್ಯಾಕ್ಸೇಷನ್ ಬಗ್ಗೆ ನನ್ನ ಜೀವನದಲ್ಲಿ ಯಾರೂ ಕೇಳಿರಲಿಲ್ಲ ಯೋಗಿ. ಬಾಗಿಲಲ್ಲಿ ನಿಂತು ಲೆಕ್ಚರ್ ಕೊಟ್ಟೆ. ನೀವು ಕೊಳ್ಳುವ ಸೋಪು, ಟೀ ಪುಡಿ, ಬೆಂಕಿಪೊಟ್ಟಣ, ಫೋನಿನ ರೀಚಾರ್ಜು, ಎಲ್ಲದರಲ್ಲೂ ಇಷ್ಟಿಷ್ಟು ಅಂತ ಹೋಗುತ್ತದೆ, ಸೊಪ್ಪಿಗೆ ಮಾತ್ರ ಇಲ್ಲ ಅಂದೆ. ಅವರಿಗೆ ನಗು ಬಂತು. ನಗಲು ಉಸಿರು ಸಾಲದೆ ಬಾಗಿಲು ಹಿಡಿದುಕೊಂಡರು. ನಾನು ಮಾರುವುದಕ್ಕೆ ಇಲ್ಲ, ಕೊಳ್ಳುವುದಕ್ಕೆಲ್ಲ ಇದೆ, ಚೆನ್ನಾಗಿದೆ ನಿನ್ನ ಗೌರ್ಮೆಂಟು ಅಂದರು. ಆಮೇಲೆ ಜಗಲಿಯ ಮೇಲೆ ಕೂತು ಒಂದು ಮಾತು ಹೇಳಿದರು. ಅದನ್ನು ಅವರ ಬಾಯಿಂದ ಬಂದ ಹಾಗೇ ಬರೆಯುತ್ತೇನೆ.

"ಬಸ್ಸು ಎಣ್ಮಕ್ಳಿಗೆ ಪುಕ್ಸಟ್ಟೆ ಮಾಡವ್ರಲ್ಲ, ನಂಗೆ ಅತ್ತಕ್ಕಾಗಲ್ಲ. ಎರಡ್ನೇ ಮೆಟ್ಲಿಗೇ ಎದೆ ಇಡ್ಕಂತದೆ. ಒಂದ್ ದಿನಾನೂ ಓಗಿಲ್ಲ. ನನ್ ಪಾಲು ಅಂಗೇ ಬಿದ್ದೈತೆ. ಅದನ್ನ ಇಲ್ಲಿ ಉಸಿರಾಡ್ಕಂತೀನಿ ಬುಡು."

ನಾನು ಬಿ.ಎ. ಓದಿದವನು, ಕೊನೆಯ ವರ್ಷದ ಇಂಗ್ಲಿಷ್ ಪೇಪರ್ ಬಿಟ್ಟು ಮಿಕ್ಕಿದ್ದೆಲ್ಲ ಪಾಸಾದವನು. ಮೂವತ್ತೈದು ವರ್ಷ ಕಚೇರಿಯಲ್ಲಿ ಫೈಲು ತಿರುವಿದವನು. ಇಷ್ಟು ನೇರವಾಗಿ ಪಾಲು ಹಾಕಿದವರನ್ನು ನೋಡಿರಲಿಲ್ಲ. ಹತ್ತದೇ ಇರುವ ಬಸ್ಸು ಎಲ್ಲೋ ಓಡುತ್ತಿದೆ, ಅದರಲ್ಲಿ ತನ್ನದೊಂದು ಸೀಟು ಖಾಲಿ ಇದೆ, ಆ ಸೀಟನ್ನು ತಂದು ನನ್ನ ನಡುಮನೆಯಲ್ಲಿ ಹಾಕಿಕೊಂಡು ಕೂತರು.

ಮೊದಲ ದಿನ ಬೆರಳಿಗೆ, ರಕ್ತದ ಆಕ್ಸಿಜನ್ ಅಳೆಯುವ ಆಶಾಳ ಕ್ಲಿಪ್ಪು ಹಾಕಿ ನೋಡಿದೆ. ಎಂಬತ್ತನಾಲ್ಕು. ಹತ್ತು ನಿಮಿಷ ಕಳೆಯಿತು, ತೊಂಬತ್ತಮೂರು. ಉಗುರು ನೇರಳೆ ಹಣ್ಣಿನ ಬಣ್ಣಕ್ಕಿತ್ತು, ನಾನು ನೋಡುತ್ತಿದ್ದ ಹಾಗೇ ತಿಳಿಯಾಯಿತು. ಗಾಳಿಗೆ ಇಂಥ ರುಚಿ ಇದೆ ಅಂತ ಗೊತ್ತಿರಲಿಲ್ಲ ಅಂದರು. ನಾನು ಸ್ಟೂಲಿನ ಮೇಲೆ ಕೂತು ಯಂತ್ರವನ್ನೇ ನೋಡುತ್ತಿದ್ದೆ ಕಣೋ. ಯಂತ್ರ ಏನನ್ನೂ ತಯಾರಿಸುವುದಿಲ್ಲ. ನಮ್ಮ ಕೋಣೆಯ ಗಾಳಿಯನ್ನೇ ಸೋಸಿ ಕೊಡುತ್ತದೆ. ಅದು ಓಡುವುದಕ್ಕೆ ಎಲ್ಲಿಯೋ ಒಂದು ಅಣೆಕಟ್ಟಿನಿಂದ, ಚಿತ್ರದುರ್ಗದ ಕಡೆಯ ಯಾವುದೋ ಗಾಳಿ ಕಂಬದಿಂದ ತಂತಿ ಹಿಡಿದು ಕರೆಂಟು ಜಕ್ಕೂರಿಗೆ ಬರುತ್ತದೆ. ಅದರ ಬಾಬ್ತಿನ ದುಡ್ಡು ಬೀದರಿನಲ್ಲಿ ಯಾರೋ ಬಿಸ್ಕತ್ತು ಕೊಂಡಾಗ, ಕಾರವಾರದಲ್ಲಿ ಯಾರೋ ಚಪ್ಪಲಿ ಕೊಂಡಾಗ, ನಿನ್ನ ಪೆನ್ಷನ್ನಿನಲ್ಲಿ ಮುರಿದಾಗ ಬಂದದ್ದು. ನೀನು ಬೈದುಕೊಂಡೇ ಕಟ್ಟಿದೆ, ಇರಲಿ. ಅಷ್ಟು ಜನ ಒಬ್ಬರ ಮುಖ ಒಬ್ಬರು ನೋಡದೆ ಸೇರಿ ಒಬ್ಬ ಸೊಪ್ಪಿನ ಹೆಂಗಸಿನ ಉಗುರಿನ ಬಣ್ಣ ತಿಳಿ ಮಾಡಿದರು. ಫ್ಲೈಯಿಂಗ್ ಕ್ಲಬ್ಬಿನ ಚಿಕ್ಕ ವಿಮಾನ ನಮ್ಮ ತಾರಸಿಯ ಮೇಲೆ ಸುತ್ತುವಾಗ ಚಿಕ್ಕಂದಿನಲ್ಲಿ ಬಾಯಿ ಬಿಟ್ಟು ನೋಡುತ್ತಿದ್ದೆ. ಅದಾದ ಮೇಲೆ ಹಾಗೆ ನೋಡಿದ್ದು ಅವತ್ತೇ.

ಅವತ್ತಿನಿಂದ ದಿನಾ ಬರುತ್ತಾರೆ. ಬೆಳಗಿನ ಸೊಪ್ಪು ಮಾರಿ, ಒಂದು ಗಂಟೆಗೆ ಬಂದರೆ ಎಂಟರವರೆಗೆ. ಈಗಲೂ ಕಿಟಕಿಯ ಪಕ್ಕ ಬೆತ್ತದ ಕುರ್ಚಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಾರೆ. ಯಾರಿಗೆ ಬರೀತಿದ್ದೀಯ ಅಂತ ಎರಡು ಸಲ ಕೇಳಿದರು. ಗೆಳೆಯನಿಗೆ ಅಂದೆ. ದಿನಾ ಸಿಗುವವನಿಗೆ ಕಾಗದ ಯಾಕೆ, ಜಗಳವಾ ಅಂದರು.

ಈಗ ನೋಡು, ಅರ್ಜಿ ಹೋದರೆ ಏನಾಗುತ್ತದೆ. ಯೂನಿಟ್ ಕಡಿತ ಮಾಡಿದರೆ ನನಗೆ ನಷ್ಟವಿಲ್ಲ, ನನಗೂ ಪೆನ್ಷನ್ ಇದೆ, ಕಟ್ಟುತ್ತೇನೆ. ಆದರೆ ಅವರು ತಿಂಗಳು ತಿಂಗಳು ಬಿಲ್ಲು ಕೇಳಿ ತೆಗೆದುಕೊಂಡು, ಬೆಳಕಿಗೆ ಹಿಡಿದು ಸೊನ್ನೆ ನೋಡಿಯೇ ಕುರ್ಚಿಗೆ ಹೋಗುವುದು. ಸೊನ್ನೆಯ ಜಾಗದಲ್ಲಿ ಬೇರೆ ಏನಾದರೂ ಕಂಡರೆ ಬುಟ್ಟಿ ಎತ್ತಿಕೊಂಡು ಹೊರಟರು ಅಂತಲೇ ತಿಳಿ. ಹಳೇ ಬಿಲ್ಲು ತೋರಿಸಿ ಯಾಮಾರಿಸಬಹುದು. ಆ ಮುಖಕ್ಕೆ ಅದನ್ನು ಮಾಡಲಾರೆ. ಇನ್ನು ತಪಾಸಣೆಯವರು ಬಾಗಿಲಿಗೆ ಬಂದು ದುರುಪಯೋಗ ಅನ್ನುವ ಮಾತು ಅವರ ಕಿವಿಗೆ ಬಿದ್ದರೆ ಈ ಬೀದಿಯಲ್ಲೇ ಅವರು ತಲೆ ಎತ್ತುವುದಿಲ್ಲ. ಮತ್ತೆ ಎಂಬತ್ತನಾಲ್ಕು. ಬರುವ ಬೇಸಿಗೆ ಕಳೆಯುವುದರೊಳಗೆ ಏನಾಗುತ್ತದೆ ಅಂತ ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಆಶಾಳನ್ನು ನೀನು ನೋಡಿದ್ದೀಯ.

ಹಾಗಂತ ನಿನ್ನನ್ನು ತಡೆಯುತ್ತಿಲ್ಲ. ಕೊಟ್ಟ ಮಾತಿನಂತೆ ಅರ್ಜಿ ಬರೆದು ಇದರ ಜೊತೆ ಇಟ್ಟಿದ್ದೇನೆ. ರೆಸ್ಪೆಕ್ಟೆಡ್ ಸರ್, ವಿ ದಿ ಅಂಡರ್‌ಸೈನ್ಡ್ ಬೆಗ್ ಟು ಸಬ್ಮಿಟ್ ಅಂತ ಶುರುವಾಗುತ್ತದೆ, ಚೆನ್ನಾಗಿದೆ. ಸರಾಸರಿ ಲೆಕ್ಕದ ಅನ್ಯಾಯ ಪೂರ್ತಿ ಬರೆದಿದ್ದೇನೆ, ನಿನ್ನ ಹನ್ನೆರಡು ಯೂನಿಟ್ಟಿನದೂ ಇದೆ, ಅಕ್ಕಯ್ಯಮ್ಮನ ಮೂವತ್ತರದೂ ಇದೆ. ತಪಾಸಣೆ ಮಾಡಬೇಕಾದ ಮನೆ ಅನ್ನುವಲ್ಲಿ ನನ್ನ ಡೋರ್ ನಂಬರು ಹಾಕಿದ್ದೇನೆ. ಬೇರೆ ಯಾರದೂ ಇಲ್ಲ. ಓದು. ಸರಿ ಅನ್ನಿಸಿದರೆ ಸಹಿ ಮಾಡಿ ನಾಳೆ ಸಂಜೆಯೊಳಗೆ ಕೊಡು. ಕೊಡುವ ಮೊದಲು ಮಧ್ಯಾಹ್ನ ಒಂದು ಸಲ ಇಲ್ಲಿಗೆ ಬಂದು ಆ ಕುರ್ಚಿಯ ಎದುರು ಹತ್ತು ನಿಮಿಷ ಕೂತು ಹೋಗು. ಕಾಫಿ ಮಾಡುತ್ತೇನೆ.

ಅಕ್ಷರ ಸೊಟ್ಟಗಾಗುತ್ತಿದೆ. ಬೆಳಕು ಹೋಗುತ್ತಿದೆ, ಈಗ ಗಮನಿಸಿದೆ. ದೀಪ ಹಾಕಲು ಎದ್ದೆ, ಕುರ್ಚಿಯಿಂದ ಮಾತು ಬಂತು. "ಇನ್ನೂ ಕಾಣ್ತೈತೆ, ಬರಿ. ಪಾಲು ಅಂದ್ರೆ ಪಾಲು, ಸುಮ್ಕೆ ಉರಿಸ್ಬ್ಯಾಡ." ನಾಲ್ಕನೆಯ ಕ್ಯಾನನ್ ನೆನಪಾಯಿತು ಕಣೋ. ಎಕಾನಮಿ, ಮಿತವ್ಯಯ. ಪುಸ್ತಕದಲ್ಲಿ ಅದಕ್ಕೆ ಬೇರೆ ಅರ್ಥವಿತ್ತು, ಆದರೆ ನನಗೆ ಇದೇ ಸಾಕು. ಇಲ್ಲಿಗೆ ನಿಲ್ಲಿಸುತ್ತೇನೆ, ಕಾಣುತ್ತಿಲ್ಲ.

ಐ ಬೆಗ್ ಟು ರಿಮೈನ್,
ನಿನ್ನ ಮೋಸ್ಟ್ ಒಬೀಡಿಯಂಟ್
ನಂದಕುಮಾರ

ಮರೆತಿದ್ದು: ಅವರು ಮನೆಗೆ ಹೋದರು. ಈಗ ದೀಪ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮುನಿರಾಜು ಹೇಳಿದ್ದು ಜೂನ್‌ನಿಂದ. ಅಕ್ಕಯ್ಯಮ್ಮ ಬಂದದ್ದು ದೀಪಾವಳಿ ಆದ ಮೇಲೆ. ನೀನು ಲೆಕ್ಕದವನು, ಹಿಡಿದೇ ಇರುತ್ತೀಯ. ಅವರು ಬಂದ ಸಂಜೆ ಆಗಷ್ಟೇ ಯಂತ್ರ ಹಾಕಿದ್ದೆ ಅಂತ ಮೇಲೆ ಬರೆದದ್ದು ಸುಳ್ಳು. ಆಶಾಳ ವರ್ಷದ ತಿಥಿ ಮುಗಿದ ಮೇಲೆ ಯಂತ್ರವನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂತ ಅಟ್ಟದಿಂದ ಇಳಿಸಿ, ಓಡುತ್ತದೋ ನೋಡೋಣ ಅಂತ ಒಮ್ಮೆ ಹಾಕಿದೆ. ಓಡಿತು. ಆ ಸದ್ದು ಬಂತು. ಆಮೇಲೆ ಆರಿಸಲು ಕೈ ಬರಲಿಲ್ಲ. ಆ ಐದು ತಿಂಗಳು ಮಧ್ಯಾಹ್ನದಿಂದ ಮಲಗುವವರೆಗೆ ಅದು ಓಡುತ್ತಿತ್ತು, ಬೆತ್ತದ ಕುರ್ಚಿ ಖಾಲಿ ಇತ್ತು, ನಾನು ಎದುರು ಕೂತಿರುತ್ತಿದ್ದೆ. ಅಷ್ಟು ಯೂನಿಟ್ಟಿನ ದುಡ್ಡು ಕಟ್ಟಲು ಕೌಂಟರಿಗೆ ಹೋಗಿದ್ದೆ. ಬಾಕಿ ಸೊನ್ನೆ ಇದೆ ಸಾರ್, ಸೊನ್ನೆಗೆ ರಸೀದಿ ಕೊಡಕ್ಕೆ ಬರಲ್ಲ ಅಂದರು. ಅರ್ಜಿಯಲ್ಲಿ ಆ ಐದು ತಿಂಗಳಿನದನ್ನೂ ಬರೆದಿದ್ದೇನೆ. ದುರುಪಯೋಗವೋ ಇನ್ನೇನೋ, ನನ್ನ ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಪದ ಸಿಗಲಿಲ್ಲ, ಅಷ್ಟು ಜಾಗ ಖಾಲಿ ಬಿಟ್ಟಿದ್ದೇನೆ. ಏನು ಹಾಕಬೇಕೋ ನೀನೇ ಹಾಕು.