ಐದು ಕೀಲಿಕೈ

ಜನವರಿ 6, ಮಧ್ಯಾಹ್ನ

ಬೆಳಿಗ್ಗೆಯಿಂದ ಮೂರು ಡೂಪ್ಲಿಕೇಟ್ ಕೀ, ಒಂದು ಸೂಟ್‌ಕೇಸ್. ತಾನೇ ಇಟ್ಟ ನಂಬರ್ ಮರೆತವನು ನನ್ನನ್ನು ಬೈದು ಹೋದ.

ಪಕ್ಕದ ಮುಚ್ಚಿದ ಅಂಗಡಿಗೆ ಇಪ್ಪತ್ತನೇ ತಾರೀಖು ಹೊಸಬರು ಬರುತ್ತಾರಂತೆ. ಅದರ ಮೆಟ್ಟಿಲ ಮೇಲೆ ಮಲಗುವ ಅಕ್ಕ ಎಲ್ಲಿಗೆ ಹೋಗಬೇಕು? ಒಂದೂವರೆ ವರ್ಷದಿಂದ ಅಲ್ಲೇ. ನಾನು ಬಂದು ಶಟರ್ ಎತ್ತುವಷ್ಟರಲ್ಲಿ ಹಾಸಿಗೆ ಸುತ್ತಿ, ನನ್ನ ಅಂಗಡಿ ಮುಂದೆಯೂ ಗುಡಿಸಿರುತ್ತಾರೆ. ಈ ಚಳಿಯಲ್ಲಿ...

ಹೆಂಡತಿಗೆ ಹೇಳಿದೆ. ಮಾತಾಡುತ್ತಾ ಕೂತರೆ ಇಪ್ಪತ್ತು ಬಂದೇಬಿಡುತ್ತದೆ ಎಂದಳು.

ಜನವರಿ 9

ಮೆಡಿಕಲ್ ಶಾಪಿನಲ್ಲಿ ಸೇರಿದೆವು. ನಾವಿಬ್ಬರು, ಶಾಪಿನವರು, ಟೈಲರ್ ಭಾವ, ರಿಟೈರ್ಡ್ ಹೆಡ್‌ಮಿಸ್. ಶಾಪಿನವರು ಹಿಂದಿನ ಗೋಡೌನ್ ಕೋಣೆ ಬಿಟ್ಟುಕೊಡುತ್ತಾರೆ. ಹಾಸಿಗೆ, ಪರದೆ ಭಾವನದು. ಅಕ್ಕನ ರೇಷನ್ ಕಾರ್ಡು, ಅರ್ಜಿಯ ಓಡಾಟ ಹೆಡ್‌ಮಿಸ್ ಪಾಲಿಗೆ. ಬೀಗ ನನ್ನದು — ಮತ್ತೇನು ಇದೆ ನನ್ನ ಹತ್ತಿರ!

ಭಾವ ಮಾತಿನ ಮಲ್ಲ. ಇವತ್ತು ಎರಡೇ ಮಾತಿನಲ್ಲಿ ಮುಗಿಸಿದ.

ಜನವರಿ 15

ಸುಣ್ಣ ಬಳಿದಾಯಿತು. ಬಾಗಿಲಿಗೆ ಏಳು ಲಿವರಿನ ಬೀಗ ಕೂರಿಸಿದೆ. ಐದು ಕೀ. ಅಕ್ಕನಿಗೊಂದು, ಸಹಾಯಕ್ಕೆ ನಿಂತ ನಾಲ್ಕು ಮನೆಗೂ ಒಂದೊಂದು. ಕಳೆದುಹೋದರೆ? ಹುಷಾರು ತಪ್ಪಿದರೆ? ಯಾರೂ ಕೇಳಿರಲಿಲ್ಲ, ನನಗೇ ಹೊಳೆದದ್ದು. ಎಲ್ಲರೂ ಹೊಗಳಿದರು. ಉಬ್ಬಿಹೋದೆ.

ಜನವರಿ 16

ಅಕ್ಕ ಬಂದರು. ಒಳಗೆ ಹೋಗುವ ಮೊದಲು ಕೀ ಹಾಕಿ, ತೆಗೆದು, ಮತ್ತೆ ಹಾಕಿ... ನಾಲ್ಕು ಸಲ.

ಜನವರಿ 22, ಬೆಳಿಗ್ಗೆ 8

ಅಕ್ಕ ಕೋಣೆಯಲ್ಲಿಲ್ಲ. ಭಾವನ ಅಂಗಡಿ ಮೆಟ್ಟಿಲ ಮೇಲೆ, ಅದೇ ಹಳೆಯ ಗಂಟು. ಹೆಡ್‌ಮಿಸ್ ಕೆಂಡಾಮಂಡಲ. ನಾನೂ ಬಿಡಲಿಲ್ಲ, ಮಾಡಿದ್ದೆಲ್ಲ ನೀರಲ್ಲಿ ಹೋಮ ಅಂದೆ. ಹೆಂಡತಿ ಹೋಗಿ ಅಕ್ಕನ ಪಕ್ಕ ಕೂತಳು.

ಮಧ್ಯಾಹ್ನ

ಅವಳು ಬಂದು ಹೇಳಿದ್ದು: ಶಾಪಿನವರು ಉಳಿದ ರಟ್ಟಿನ ಡಬ್ಬ ಒಯ್ಯಲು ತಮ್ಮ ಕೀಯಿಂದ ಬೀಗ ತೆಗೆದು ಒಳಗೆ ಬಂದರಂತೆ. ಹೆಡ್‌ಮಿಸ್ ಬಟ್ಟೆ ತಂದಾಗ ಅಕ್ಕ ಸೀರೆ ಉಡುತ್ತಿದ್ದರಂತೆ. ಭಾವ ಪರದೆ ಅಳೆಯಲು. ನಾನು — ಬೀಗಕ್ಕೆ ಎಣ್ಣೆ ಬಿಡಲು. ಒಬ್ಬರೂ ಬಾಗಿಲು ತಟ್ಟಲಿಲ್ಲ.

"ಬೀದೀಲಿ ಮಲಗಿದ್ರೆ ಯಾರು ಬರ್ತಿದಾರೆ ಅಂತ ಕಾಣತ್ತೆ. ಅಲ್ಲಿ ಕಣ್ಣು ಮುಚ್ಚೋಕೇ ಆಗ್ಲಿಲ್ಲ." ಅಕ್ಕ ಹೇಳಿದ್ದು ಇಷ್ಟೇ.

ಒಳಗೆ ಚಿಲಕವೂ ಇಲ್ಲ. ಗೋಡೌನಿನ ಬಾಗಿಲಲ್ಲವೇ. ಮೂವತ್ತು ವರ್ಷ ಬೀಗದ ಕೆಲಸ ಮಾಡಿ ನಾನು ಅದನ್ನು ನೋಡಲಿಲ್ಲ. ನಾಚಿಕೆಯಾಯಿತು.

ಜನವರಿ 23

ಕೀಗಳನ್ನು ವಾಪಸ್ ತಂದೆ. ಹೆಡ್‌ಮಿಸ್ ಕೊಡುವಾಗ ಮುಖ ಸಣ್ಣದಾಗಿತ್ತು. ಹೆಂಡತಿ ಕೇಳಿದಳು: "ಕೀ ತಂದ್ರೆ ಆಯ್ತಾ? ನೀವು ಇನ್ನೊಂದು ಕೊರೀಬಹುದಲ್ಲ?"

ಸರಿ ಅನ್ನಿಸಿತು.

ಜನವರಿ 24

ಪ್ಯಾಕೆಟ್ ಒಡೆಯದ ಹೊಸ ಬೀಗ, ಒಂದು ಚಿಲಕ, ನನ್ನ ಸ್ಕ್ರೂಡ್ರೈವರ್ — ಮೂರನ್ನೂ ಮೆಟ್ಟಿಲ ಮೇಲಿಟ್ಟೆ. ಕೀ ನಿಮ್ಮ ಹತ್ತಿರ ಮಾತ್ರ ಇರುತ್ತದೆ, ಕೂರಿಸುವವರೂ ನೀವೇ ಎಂದೆ. ಅಕ್ಕ ಬಹಳ ಹೊತ್ತು ನೋಡಿದರು. ಆಮೇಲೆ ಎದ್ದರು.

ಒಂದು ಗಂಟೆ ಹಿಡಿಯಿತು. ಒಂದು ಸ್ಕ್ರೂ ಸೊಟ್ಟ ಹೋಯಿತು. ಕೈ ತುರಿಸಿತು, ಮುಟ್ಟಲಿಲ್ಲ. ಬಾಗಿಲಿಗೆ ಬೆನ್ನು ಹಾಕಿ ಓಣಿಯಲ್ಲಿ ನಿಂತಿದ್ದೆ. ಬೀಗದವನಿಗೆ ಕೆಲಸವೇ ಇಲ್ಲ ನೋಡಿ ಎಂದು ಭಾವ ನಕ್ಕ.

ಜನವರಿ 29, ಸಂಜೆ

ಐದು ದಿನವಾಯಿತು, ಅಕ್ಕ ಕೋಣೆಯಲ್ಲೇ. ಚಿಲಕ ಗಟ್ಟಿ ಇದೆಯೋ ಇಲ್ಲವೋ ನೋಡೋಣ ಅಂತ ಹೋದೆ. ಬಾಗಿಲು ತಟ್ಟಿದೆ. ಕಾದೆ.

"ಯಾರು?"

"ನಾನಕ್ಕ, ಬೀಗದವನು."



"ಈಗ ಮಲಗಿದೀನಿ ತಮ್ಮ. ನಾಳೆ ಬಾ."

ವಾಪಸ್ ಬಂದೆ. ಇಷ್ಟು ವರ್ಷದಲ್ಲಿ ಬಾಗಿಲಿಂದಲೇ ವಾಪಸ್ ಕಳಿಸಿದ್ದಕ್ಕೆ ಇಷ್ಟು ಖುಷಿಯಾದದ್ದು ಇದೇ ಮೊದಲು. ಹೆಂಡತಿಗೆ ಹೇಳಿದೆ, ನಕ್ಕಳು. ನಾಳೆ ಎಷ್ಟು ಗಂಟೆಗೆ ಅಂತ ಕೇಳಬೇಕಿತ್ತು, ಬೇಗ ಹೋದರೆ ಅವರು ಇನ್ನೂ ಮಲಗಿರುತ್ತಾರೇನೋ.