ದಿಬ್ಬದ ಹಿಂದಿನ ಹಸಿರು

12-3-1979, ಸೋಮವಾರ

ಲಾರಿ ಐದಕ್ಕೆ ಹೋಯಿತು. ಮೂವತ್ತೊಂದು ಜನ. ತಲೆಗೆ ಒಂದು ಬಕೆಟು ನೀರು ಅಳೆದು ಕೊಟ್ಟಾಯಿತು. ಟ್ಯಾಂಕಿಗೆ ಬೀಗ, ಕೀಲಿ ನನ್ನ ಕೊರಳಿಗೆ. ಇನ್ನು ಸಂಜೆಯವರೆಗೆ ಕ್ಯಾಂಪಿನಲ್ಲಿ ನಾನೊಬ್ಬನೇ. ತಗಡಿನ ಶೆಡ್ಡು, ಡೀಸೆಲ್ ಡ್ರಮ್ಮು, ನೀರಿನ ಟ್ಯಾಂಕಿ, ಮರಳು. ಒಮಾನ್ ಎಂದರೆ ಸದ್ಯಕ್ಕೆ ಇಷ್ಟೇ.

ಮೊದಲಿನ ಕಾವಲಿನವನು ನೀರು ಮಾರುತ್ತಿದ್ದ. ಅವನನ್ನು ಓಡಿಸಿ ಫೋರ್ಮನ್ ಕೇಳಿದ — ನಿಮ್ಮಲ್ಲಿ ಕದಿಯದವನು ಯಾರು? ಗುತ್ತಿಗಾರು ಊರಿನ ಅಲಿ ಕುಂಞಿ ನನ್ನನ್ನು ಮುಂದೆ ತಳ್ಳಿದ. "ಇವನನ್ನು ಇಡಿ ಮಾರಾಯ್ರೆ. ಸುಳ್ಳು ಹೇಳ್ಲಿಕ್ಕೆ ಬಾರದೆ ಶಾಲೆ ಬಿಟ್ಟವ."

ನಿಜವೇ. ಕಡಬದ ಶಾಲೆ, ಒಂಬತ್ತನೆಯ ಕ್ಲಾಸು. ಗಾಜು ಒಡೆದದ್ದು ಮಾಸ್ತರರ ಮಗ, ಕಣ್ಣಾರೆ ಕಂಡಿದ್ದೆ. ಕಂಡಿಲ್ಲ ಅನ್ನು ಎಂದರು. ಅನ್ನಲಿಲ್ಲ. ಬೆತ್ತ ಮುರಿಯಿತು. ಮರುದಿನದಿಂದ ಹೋಗಲಿಲ್ಲ. ಎರಡು ವರ್ಷ ಅಪ್ಪನ ರಬ್ಬರು ಟ್ಯಾಪ್ ಮಾಡಿದೆ. ಅದೂ ಸಾಕಾಯಿತು.

ಮೂರು ತಿಂಗಳಾಯಿತು ಸರಿಯಾಗಿ ಮಿಂದು. ಊರಿನಲ್ಲಿ ದಿನಕ್ಕೆರಡು ಸಲ ತೋಡಿಗೆ ಹಾರುತ್ತಿದ್ದೆ. ಇಲ್ಲಿ ಬೆವರು ಕೂಡ ಕಾಣಲು ಸಿಗುವುದಿಲ್ಲ. ಹೊರಗೆ ಬರುವಾಗಲೇ ಒಣಗಿ ಉಪ್ಪಾಗುತ್ತದೆ. ತೊಡೆಸಂದಿ ಒಡೆದು ರಕ್ತ. ಅಮ್ಮನಿಗೆ ಬರೆದಿಲ್ಲ.

15-3-1979

ಹಸನಬ್ಬ ಕಾಕ ಒಂದು ಚೊಂಬು ಹೆಚ್ಚು ಕೇಳಿದರು. ನಮಾಜಿನ ಮೊದಲು ಕೈಕಾಲು ಮುಖ ತೊಳೆಯಲು.

"ಒಂದೇ ಚೊಂಬು ಮೋನೆ. ಮೊಣಕೈವರೆಗೆ ಟಾರು ಉಂಟು ನೋಡು."

"ಇಲ್ಲ ಕಾಕ. ಎಲ್ಲರಿಗೂ ಒಂದು ಬಕೆಟು."

"ನಿನ್ನ ಅಪ್ಪ ದೇವಸ್ಯ ಚೇಟನಿಗೆ ಸುರಂಗ ತೋಡಿ ಕೊಟ್ಟವ ನಾನು. ಆ ನೀರು ಕುಡಿದು ದೊಡ್ಡವನಾದದ್ದು ನೀನು."

"ಗೊತ್ತುಂಟು. ಆದರೂ ಇಲ್ಲ."

ಅವರು ನಕ್ಕರು. "ಅಡ್ಡಿಯಿಲ್ಲ. ನಿನ್ನ ಹತ್ತಿರ ಕೀಲಿ ಇರುದು ಒಳ್ಳೆಯದೇ." ಮರಳಿನ ಮೇಲೆ ಅಂಗೈ ಒತ್ತಿ ಮುಖ ಸವರಿಕೊಂಡರು. ನೀರಿಲ್ಲದಲ್ಲಿ ಅವರಲ್ಲಿ ಹಾಗೂ ನಡೆಯುತ್ತದಂತೆ.

ಅಜ್ಜಾವರದವರು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಮಾಟೆ ಕೊರೆದು ನೀರನ್ನು ಹೊರಗೆ ಹರಿಸುವ ಕೆಲಸ ಅವರದ್ದು. ನಲವತ್ತೆರಡು ಸುರಂಗ, ಒಂದೂ ಬತ್ತಿಲ್ಲ. ಇಲ್ಲಿ ರಸ್ತೆಗೆ ಜಲ್ಲಿ ಒಡೆಯುತ್ತಾರೆ.

17-3-1979

ಮಿಂದೆ.

ಲಾರಿ ಹೋದ ಮೇಲೆ ಎರಡು ಬಕೆಟು ಹಿಡಿದು ದಿಬ್ಬದ ಹಿಂದೆ ಹೋದೆ. ಅಲ್ಲೊಂದು ಗುಂಡಿ, ರಸ್ತೆಗೆ ಕಾಣುವುದಿಲ್ಲ. ಸೋಪು ಹಾಕಲಿಲ್ಲ, ವಾಸನೆ ಬಂದೀತು. ತಲೆಯ ಮೇಲಿಂದ ಸುರಿದುಕೊಂಡಾಗ ಅಳು ಬಂತು. ಮೂವತ್ತೊಂದು ಜನರ ನೀರು. ಇದು ಕಳ್ಳತನ. ಬೇರೆ ಹೆಸರು ಹುಡುಕುವುದಿಲ್ಲ.

18-3-1979

ಇವತ್ತೂ.

6-4-1979, ಶುಕ್ರವಾರ

ಹದಿನೆಂಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು — ಮಿಂದೆ, ಮಿಂದೆ, ಮಿಂದೆ. ಬಕೆಟಿನಲ್ಲಿ ಎಲ್ಲರಿಗೂ ಎರಡು ಬೆರಳು ಕಡಿಮೆ ಅಳೆದೆ. ಯಾರಿಗೂ ಗೊತ್ತಾಗಲಿಲ್ಲ. ಅಳೆದದ್ದು ನಾನಲ್ಲವೇ ಎಂದು ಯಾರೂ ನೋಡುವುದೇ ಇಲ್ಲ.

ಇವತ್ತು ರಜೆ. ಹಸನಬ್ಬ ಕಾಕ ದಿಬ್ಬದ ಹಿಂದೆ ನಡೆದು ಹೋದವರು ಓಡುತ್ತಾ ಬಂದರು. ನಲವತ್ತೆಂಟರ ಗಂಡಸು ಹಾಗೆ ಓಡಿದ್ದನ್ನು ಕಂಡಿಲ್ಲ.

"ಹಸಿ ಉಂಟು! ನೀರುಂಟು ಇಲ್ಲಿ!"

ಎಲ್ಲರೂ ಹೋದೆವು. ನನ್ನ ಗುಂಡಿ. ಸುತ್ತ ಹುಲ್ಲು ಮೊಳೆತಿದೆ, ಬೆರಳುದ್ದ. ದಿಬ್ಬದ ಬುಡದ ಎಕ್ಕದ ಗಿಡ ಮೈತುಂಬ ಎಲೆ ಬಿಟ್ಟಿದೆ. ದಿನಾ ಅದರ ಪಕ್ಕವೇ ನಿಲ್ಲುತ್ತಿದ್ದೆ. ಕಣ್ಣಿಗೆ ಬಿದ್ದೇ ಇರಲಿಲ್ಲ.

ಕಾಕ ಮಂಡಿಯೂರಿ ದಿಬ್ಬಕ್ಕೆ ಕೆನ್ನೆ ಒತ್ತಿದರು. "ತಂಪು. ಗುಡ್ಡ ಸುಮ್ಮನೆ ಹಸಿರು ಬಿಡುದಿಲ್ಲ ಮಕ್ಕಳೇ. ಒಳಗೆ ಒರತೆ ಉಂಟು."

ಅಲಿ ಕುಂಞಿ: "ನೀರು ಬಂದರೆ ಅಡಿಕೆ ಹಾಕುವ ಕಾಕ. ಅಡಿಕೆ ಹಾಕಿದರೆ ನಮ್ಮ ಗುತ್ತಿಗಾರಿನ ಆನೆಯೂ ಬಂದೀತು, ಪಾಸ್‌ಪೋರ್ಟು ಮಾಡ್ಸಿ."

ಎಲ್ಲರೂ ನಕ್ಕರು. ನಾನೂ. ಫೋರ್ಮನ್ ಮಾತ್ರ ನಗಲಿಲ್ಲ. ನೀರು ತೋರಿಸಿದರೆ ಆ ತಿಂಗಳೇ ಊರಿಗೆ ರಜೆ ಎಂದ. ಕಾಕ ಮನೆ ಬಿಟ್ಟು ಎರಡೂವರೆ ವರ್ಷ. ಕಿರಿಯ ಮಗನ ಮುಖ ನೋಡಿಲ್ಲ.

ಆಗಲೇ ಹೇಳಬೇಕಿತ್ತು. ಮೂವತ್ತೊಂದು ಜನ ನಿಂತಿದ್ದರು. ಅವರ ಕೈಗಳನ್ನು ನೋಡಿದೆ. ದಿನವಿಡೀ ಸುತ್ತಿಗೆ ಹಿಡಿಯುವ ಕೈಗಳು. ಹೇಳಲಿಲ್ಲ.

8-4-1979

ಕಾಕ ಮನೆಗೆ ಕಾಗದ ಬರೆಸಿದರು. ಅವರಿಗೆ ಅಕ್ಷರ ಬಾರದು. ಊರಿನಲ್ಲಿ ಓದುವುದು ಮಗಳು ಸುಹರಾ, ಆರನೆಯ ಕ್ಲಾಸು.

"ಬರಿ — ಇಲ್ಲಿಯೂ ಹಸಿರು ಕಂಡಿದೆ. ದೇವರು ಕೊಟ್ಟರೆ ಮಳೆಗೆ ಮೊದಲು ಬರುತ್ತೇನೆ."

ಬರೆದೆ.

"ಇದನ್ನೂ ಬರಿ — ಈ ಕಾಗದ ಬರೆಯುವ ಹುಡುಗ ಕಡಬದ ಜೋಯಿ. ನನಗೇ ಒಂದು ಚೊಂಬು ನೀರು ಹೆಚ್ಚು ಕೊಡಲಿಲ್ಲ. ಅವನು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬಹುದು."

"ಅದು ಬೇಡ ಕಾಕ."

"ಬರಿ ಮಾರಾಯ. ನಾಚಿಕೆ ಎಂತದ್ದು?"

ಅದನ್ನೂ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ.

13-4-1979, ಶುಕ್ರವಾರ

ಎರಡು ಶುಕ್ರವಾರ ಸೇರಿ ಮೂರು ಕೋಲು ಆಗಿದೆ, ಅಂದರೆ ಒಂದಾಳುದ್ದಕ್ಕಿಂತ ಸ್ವಲ್ಪ ಹೆಚ್ಚು. ಬಗ್ಗಿ ಒಳಗೆ ಹೋಗುವಷ್ಟು ಎತ್ತರ. ಒಳಗೆ ಅವರು, ಅವರ ಪಿಕ್ಕಾಸು, ಒಂದು ಚಿಮಣಿ ದೀಪ. ಮಣ್ಣು ಹೊರಗೆಳೆಯುವುದು ನಾನು. ನಾನೇ ಕೇಳಿಕೊಂಡೆ.

ಮರದ ಆಧಾರ ಬೇಡವೇ ಎಂದೆ. ಗೋಡೆ ತಟ್ಟಿದರು. "ಊರಿನಲ್ಲಿ ಯಾರು ಕೊಡ್ತಾರೆ ಆಧಾರ? ಅಲ್ಲಿ ಮುರಕಲ್ಲಿನ ಗುಡ್ಡ, ನೂರು ವರ್ಷ ನಿಲ್ತದೆ. ಇದು ಅಷ್ಟು ಗಟ್ಟಿ ಅಲ್ಲ. ಆದರೂ ಹಸಿ ಉಂಟಲ್ಲ, ಹಿಡ್ಕೊಂಡಿದೆ."

ಒಂದು ಉಪಾಯ ಹೊಳೆಯಿತು. ನಾಳೆಯಿಂದ ಮೀಯುವುದಿಲ್ಲ. ನೆಲ ಒಣಗಲಿ, ಹುಲ್ಲು ಸಾಯಲಿ. ಅವರೇ ಕೈಬಿಡುತ್ತಾರೆ. ನಾನು ಬಾಯಿ ಬಿಡಬೇಕಾಗಿಲ್ಲ.

20-4-1979, ಶುಕ್ರವಾರ

ಹುಲ್ಲು ಸತ್ತಿದೆ. ಎಕ್ಕದ ಎಲೆ ಜೋತುಬಿದ್ದಿದೆ. ಮೈಗೆ ಏಳು ದಿನದಿಂದ ನೀರು ಮುಟ್ಟಿಲ್ಲ, ತುರಿಸಿ ತುರಿಸಿ ಹುಣ್ಣು. ಗೆದ್ದೆ ಎಂದುಕೊಂಡೆ.

ಕಾಕ ಒಣ ನೆಲದ ಮೇಲೆ ಕೈಯಾಡಿಸಿದರು. ಮುಖದಲ್ಲಿ ಬೇಸರವೇ ಇಲ್ಲ.

"ಹೆದರ್ಬೇಡ ಮೋನೆ. ಬೇಸಗೆಯಲ್ಲಿ ನೀರು ಒಳಗೆ ಸರಿಯುದು. ಊರಿನಲ್ಲಿಯೂ ಹಾಗೆಯೇ. ಆಗ ಬಿಡುವವ ಹೆಡ್ಡ. ಅದರ ಬೆನ್ನು ಹಿಡಿದು ಒಳಗೆ ಹೋಗ್ಬೇಕು."

ಇವತ್ತು ಎರಡು ಕೋಲು ಹೋದರು. ಇನ್ನು ದಿನಾ ಸಂಜೆಯೂ ಅಗೆಯುತ್ತಾರಂತೆ. ಬುಟ್ಟಿಯಲ್ಲಿ ಬರುತ್ತಿರುವುದು ಪುಡಿ. ಮುಷ್ಟಿ ಕಟ್ಟಿದರೆ ನಿಲ್ಲುವುದಿಲ್ಲ.

27-4-1979, ಶುಕ್ರವಾರ

ಹೇಳಿದೆ.

ಉಳಿದವರು ಲಾರಿಯಲ್ಲಿ ಜುಮಾ ನಮಾಜಿಗೆಂದು ಪೇಟೆಗೆ ಹೋಗಿದ್ದರು. ಕಾಕ ಹೋಗಿರಲಿಲ್ಲ, ಅಗೆಯುತ್ತಿದ್ದರು. ಜುಮಾ ತಪ್ಪಿಸಿದ್ದು ಇದೇ ಮೊದಲಂತೆ. ಸುರಂಗದ ಬಾಯಲ್ಲಿ ನಿಂತು ಕೂಗಿದೆ. ಪಿಕ್ಕಾಸಿನ ಸದ್ದು ನಿಂತಿತು.

"ಕಾಕ, ಒಳಗೆ ನೀರಿಲ್ಲ. ನಾನು ಇಲ್ಲಿ ಮೀಯುತ್ತಿದ್ದೆ. ಟ್ಯಾಂಕಿಯ ನೀರು ಕದ್ದು. ಆ ಹಸಿರು ನಾನು ಚೆಲ್ಲಿದ ನೀರಿನದ್ದು."

ಒಳಗಿನಿಂದ ನಗು ಕೇಳಿಸಿತು.

"ಫೋರ್ಮನ್ ಹೇಳಿ ಕಳಿಸಿದ್ದಾ? ರಜೆ ಕೊಡ್ಬೇಕಾಗ್ತದಂತ ಹೊಟ್ಟೆಯುರಿಯಾ ಅವನಿಗೆ?"

"ಅಲ್ಲ ಕಾಕ. ದೇವರಾಣೆ ನಿಜ."

"ನೀನು ಕದಿಯುವವನಾ? ನನಗೇ ಒಂದು ಚೊಂಬು ಕೊಡದವ! ಬೇರೆ ಯಾರನ್ನಾದರೂ ಕಳಿಸ್ಬೇಕಿತ್ತು ಅವ. ನಿನಗೆ ಸುಳ್ಳು ಹೇಳ್ಲಿಕ್ಕೆ ಬರುದಿಲ್ಲ ಮೋನೆ. ದನಿ ನಡುಗ್ತದೆ."

ಮತ್ತೆ ಪಿಕ್ಕಾಸು.

ಇನ್ನೊಮ್ಮೆ ಹೇಳಬಹುದಿತ್ತು. ನೀರು ತಂದು ಸುರಿದು ತೋರಿಸಬಹುದಿತ್ತು. ಅವರೊಬ್ಬರಿಗೇ ಅಲ್ಲ, ಅಲಿ ಕುಂಞಿಗೆ ಹೇಳಿದ್ದರೆ ಕಾಕನ ಕಾಲು ಹಿಡಿದು ಹೊರಗೆಳೆಯುತ್ತಿದ್ದ. ಮಾಡಲಿಲ್ಲ. ಅವರು ನಂಬದಿದ್ದಾಗ ಎದೆ ಹಗುರಾಯಿತು. ಅದನ್ನೂ ಬರೆದಿಡುತ್ತೇನೆ — ಹಗುರಾಯಿತು.

4-5-1979, ಶುಕ್ರವಾರ

ಒಂಬತ್ತು ಕೋಲು. ಮಧ್ಯಾಹ್ನ ಎರಡೂವರೆ. ದೊಡ್ಡ ಸದ್ದೇನೂ ಆಗಲಿಲ್ಲ. ಗೋಣಿಯಿಂದ ಅಕ್ಕಿ ಸುರಿದ ಹಾಗೆ. ಬುಟ್ಟಿಯ ಹಗ್ಗ ನನ್ನ ಕೈಯಲ್ಲಿತ್ತು. ಎಳೆದೆ. ಬರಲಿಲ್ಲ.

ಕೈಯಿಂದ ತೋಡಿದೆವು. ತೋಡಿದಷ್ಟೂ ಮೇಲಿನಿಂದ ಇಳಿಯಿತು. ಐದು ಗಂಟೆಗೆ ಕಾಕನ ಕಾಲು ಸಿಕ್ಕಿತು. ಬಾಯಿ ತುಂಬ ಒಣ ಮಣ್ಣು.

ರಾತ್ರಿಯೊಳಗೆ ದಫನ ಆಗಬೇಕು, ಮೊದಲು ಮೀಯಿಸಬೇಕು. ಮರೆ ಇರುವ ಜಾಗ ಬೇರೆ ಇಲ್ಲ, ದಿಬ್ಬದ ಹಿಂದೆಯೇ. ನಾನು ಟ್ಯಾಂಕಿಯ ಹತ್ತಿರ ನಿಂತಿದ್ದೆ. ಅಲಿ ಕುಂಞಿ ಬಂದ. "ಎಷ್ಟು ಬಕೆಟು?" ಎಂದು ಕೇಳಿದೆ. ಬಾಯಿಗೆ ಅಭ್ಯಾಸವಾಗಿತ್ತು. ಕೆನ್ನೆಗೆ ಹೊಡೆದ. ಕೆಳಗೆ ಬಿದ್ದೆ.

ಹೊಡೆದದ್ದು ಅದಕ್ಕೆ. ಇನ್ನೊಂದಕ್ಕೆ ಯಾರೂ ಹೊಡೆಯಲಿಲ್ಲ.

ಅಳೆಯದೆ ಕೊಟ್ಟೆ. ಅಳೆಯದೆ ಕೊಟ್ಟದ್ದು ಇದೇ ಮೊದಲು.

15-5-1979

ಕಾಕನನ್ನು ಮೀಯಿಸಿದಲ್ಲಿ ಎಕ್ಕ ಮತ್ತೆ ಚಿಗುರಿದೆ. ಹುಲ್ಲೂ.

ಯಾರಾದರೂ ಕೇಳಿದರೆ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಕೀಲಿ ಇನ್ನೂ ನನ್ನ ಕೊರಳಲ್ಲೇ ಇದೆ.

15-11-1980, ಅಜ್ಜಾವರ

ಕಂಟ್ರಾಕ್ಟು ಮುಗಿಯಿತು. ಮನೆಗೂ ಹೋಗದೆ ಸುಳ್ಯದಲ್ಲಿ ಬಸ್ಸಿಳಿದು ನೇರ ಇಲ್ಲಿಗೆ ಬಂದೆ. ಕಾಕನ ತಗಡಿನ ಪೆಟ್ಟಿಗೆ ಕೊಡುವುದಿತ್ತು. ಜೊತೆಗೆ ಹೇಳುವುದೂ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಮೂರೇ ವಾಕ್ಯ.

ಕಾಕನ ಹೆಂಡತಿ ಅಲೀಮಮ್ಮ ಪೆಟ್ಟಿಗೆ ತೆರೆಯಲಿಲ್ಲ. ನನ್ನನ್ನು ನೋಡಿ, "ಎಷ್ಟು ಧೂಳು ಮೋನೆ. ಮೊದಲು ಮಿಂದು ಬಾ, ಆಮೇಲೆ ಊಟ" ಎಂದರು.

ಮನೆಯ ಹಿಂದೆ ಸುರಂಗ. ಬಾಯಿಗೆ ಅಡಿಕೆ ಮರದ ದಂಬೆ ಇಟ್ಟಿದ್ದಾರೆ, ನೀರು ಅದರಲ್ಲಿ ಹರಿದು ಕಲ್ಲಿನ ಮೇಲೆ ಬೀಳುತ್ತದೆ. ಯಾರೂ ಅಳೆಯುವುದಿಲ್ಲ. ಹಗಲಿರುಳು ಬೀಳುತ್ತದಂತೆ. ಕಾಕ ತೋಡಿದ ಮೊದಲನೆಯದು ಅದು, ಮದುವೆಯಾದ ವರ್ಷ.

ಬೇಡ ಎನ್ನಬೇಕಿತ್ತು. ಮಿಂದೆ. ತುಂಬ ಹೊತ್ತು ಮಿಂದೆ.

ಊಟಕ್ಕೆ ಕುಳಿತಾಗ ಸುಹರಾ ಕಾಗದ ತಂದಳು. ಮಡಿಚಿದಲ್ಲಿ ಹರಿದಿದೆ. ನನ್ನ ಅಕ್ಷರ. ಬಾಯಿಪಾಠವಾಗಿದ್ದರೂ ಬೆರಳಿಟ್ಟು ಓದಿದಳು. "ಅವನು ಹೇಳಿದ್ದನ್ನು ಕಣ್ಣು ಮುಚ್ಚಿ ನಂಬಬಹುದು." ಕಿರಿಯವನು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದ. ಕಿವಿ ಕಾಕನದ್ದೇ.

ಅಲೀಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಕುಳಿತರು.

"ನಿನ್ನ ಬಾಯಿಂದಲೇ ಕೇಳ್ಬೇಕಂತ ಒಂದೂವರೆ ವರ್ಷ ಕಾದೆ. ಬೇರೆಯವರು ಸಮಾಧಾನಕ್ಕೆ ಎಂತದ್ದೂ ಹೇಳಿಯಾರು. ಅಲ್ಲಿ ನೀರು ಸಿಕ್ಕಿತ್ತಾ ಮೋನೆ?"

"ಸಿಕ್ಕಿತ್ತು" ಎಂದೆ.

ದನಿ ನಡುಗಲಿಲ್ಲ.

ಅವರು ಕಣ್ಣು ಮುಚ್ಚಿದರು. ಸುಹರಾ ಕಾಗದ ಮಡಿಚಿದಳು.

"ಸಿಹಿಯಾ?"

"ಸಿಹಿ."

"ಒಂದು ಗುಟುಕಾದರೂ ಕುಡಿದರಾ ಅವರು?"

ನನ್ನ ಎದುರಿಗಿದ್ದ ಲೋಟದಲ್ಲಿ ಅದೇ ಸುರಂಗದ ನೀರು. ನಾನು ಅದನ್ನು ಕೈಗೆತ್ತಿಕೊಂಡು, ಒಂದು ಗುಟುಕು ಕುಡಿದು, "ಕುಡಿದರು" ಎಂದೆ.